ಮರೀನಾ ಬೇ ಸ್ಯಾಂಡ್ಸ್: ದೋಣಿ ಮೇಲೇರಿದ್ದು ಏಕೆ?

ಸಿಂಗಾಪುರಕ್ಕೆ ಹೋಗಿಬಂದವರ ಮೊಬೈಲಿನಲ್ಲಿ ಈ ಫೋಟೊ ಇಲ್ಲದಿರುವುದು ಅಪರೂಪ: ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಮೂರು ಗೋಪುರ, ಅವುಗಳ ನೆತ್ತಿಯ ಮೇಲೊಂದು ದೋಣಿ. ಚೆಂದಕ್ಕೆ ಇಟ್ಟಿದ್ದಾರೆ ಅಂದುಕೊಳ್ಳುವವರೇ ಹೆಚ್ಚು. ಅಸಲಿಗೆ ಅದು ಅಲ್ಲಿಗೆ ಏರಿದ್ದು ಕೆಳಗೆ ಜಾಗ ಸಾಲದೆ. ಅದಕ್ಕೂ ಹಿಂದೆ ಒಂದು ಟೆಂಡರಿನ ಕತೆಯಿದೆ.

ಕ್ಯಾಸಿನೊ ಬೇಡವೆಂದು ಸಿಂಗಾಪುರ ದಶಕಗಳ ಕಾಲ ಹಟ ಹಿಡಿದಿತ್ತು. 2004ರಲ್ಲಿ ಸರ್ಕಾರವೇ ವಿಷಯ ಎತ್ತಿದಾಗ ಧಾರ್ಮಿಕ ಸಂಘಟನೆಗಳು ವಿರೋಧಿಸಿದವು, ಸಹಿ ಸಂಗ್ರಹವೂ ನಡೆಯಿತು. ಆದರೂ 2005ರ ಏಪ್ರಿಲ್ 18ರಂದು ಪ್ರಧಾನಿ ಲೀ ಸೀನ್ ಲೂಂಗ್ ಸಂಸತ್ತಿನಲ್ಲಿ ಒಂದಲ್ಲ, ಎರಡಕ್ಕೆ ಒಪ್ಪಿಗೆ ಪ್ರಕಟಿಸಿದರು: ಮರೀನಾ ಬೇಯಲ್ಲೊಂದು, ಸೆಂಟೋಸಾ ದ್ವೀಪದಲ್ಲೊಂದು. ‘ಕ್ಯಾಸಿನೊ’ ಎನ್ನುವ ಬದಲು ‘ಇಂಟಿಗ್ರೇಟೆಡ್ ರೆಸಾರ್ಟ್’ (ಹೋಟೆಲ್, ಮಾಲ್, ಸಮ್ಮೇಳನ ಕೇಂದ್ರ, ಕ್ಯಾಸಿನೊ ಎಲ್ಲ ಒಟ್ಟಿಗಿರುವ ತಾಣ) ಅಂದರು. ಇದು ಬರೀ ಹೆಸರಿನ ನಾಜೂಕಲ್ಲ. ಜೂಜಿನ ಜಾಗಕ್ಕೆ 15,000 ಚದರ ಮೀಟರಿನ ಮಿತಿ ಹಾಕಿದರು. ಮರೀನಾ ಬೇಯ ಇಡೀ ಕಟ್ಟಡದ ಅಳತೆಯಲ್ಲಿ ಅದು ಶೇ. 3ನ್ನೂ ಮುಟ್ಟುವುದಿಲ್ಲ. ವಿದೇಶಿಗರು ಪಾಸ್‌ಪೋರ್ಟ್ ತೋರಿಸಿ ಪುಕ್ಕಟೆ ಒಳಹೋಗಬಹುದು. ದೇಶದ ಪ್ರಜೆಗಳು, ಕಾಯಂ ನಿವಾಸಿಗಳು ಮಾತ್ರ ಆಗ 24 ಗಂಟೆಗೆ 100 ಸಿಂಗಾಪುರ ಡಾಲರ್ ಕಟ್ಟಬೇಕಿತ್ತು. ಮನೆಯವರು ಅರ್ಜಿ ಹಾಕಿ ಜೂಜುಕೋರನ ಪ್ರವೇಶವನ್ನೇ ತಡೆಸಬಹುದು.

ಮರೀನಾ ಬೇಯ ಟೆಂಡರಿನಲ್ಲಿ ಜಾಣತನವಿತ್ತು. ನೆಲವನ್ನು ಹರಾಜಿಗಿಟ್ಟರೆ ಗೆದ್ದವನು ದುಡ್ಡನ್ನೆಲ್ಲ ನೆಲಕ್ಕೇ ಸುರಿದು ಕಟ್ಟಡದಲ್ಲಿ ಕೈ ಬಿಗಿಹಿಡಿಯುತ್ತಾನೆ. ಹಾಗಾಗಿ ನೆಲದ ಬೆಲೆಯನ್ನು 120 ಕೋಟಿ ಸಿಂಗಾಪುರ ಡಾಲರಿಗೆ ಮೊದಲೇ ಗೊತ್ತುಮಾಡಿ, ಪೈಪೋಟಿಯನ್ನು ಉಳಿದ ವಿಷಯಗಳಿಗೆ ತಿರುಗಿಸಿದರು. ಪ್ರವಾಸಿಗರನ್ನು ಸೆಳೆಯುವ ಶಕ್ತಿಗೆ 40 ಅಂಕ, ವಿನ್ಯಾಸಕ್ಕೆ 30, ಹೂಡಿಕೆಗೆ 20, ಕಂಪನಿಯ ಬಲಕ್ಕೆ 10. ಸಮ್ಮೇಳನ ವ್ಯಾಪಾರದಲ್ಲಿ ಪಳಗಿದ್ದ ಅಮೆರಿಕದ ಕ್ಯಾಸಿನೊ ಕಂಪನಿ ಲಾಸ್ ವೇಗಸ್ ಸ್ಯಾಂಡ್ಸ್ 2006ರ ಮೇ 26ರಂದು ಗೆದ್ದಿತು.

ವಾಸ್ತುಶಿಲ್ಪಿ ಮೋಶೆ ಸಾಫ್ದಿ ಮುಂದಿದ್ದದ್ದು ಸುಮಾರು 15 ಹೆಕ್ಟೇರ್. ಸಮ್ಮೇಳನ ಕೇಂದ್ರ, ಮಾಲ್, ರಂಗಮಂದಿರ, ಮ್ಯೂಸಿಯಂ ಸೇರಿ ನೆಲವನ್ನೆಲ್ಲ ನುಂಗಿದವು. ಎರಡೂವರೆ ಸಾವಿರ ಕೋಣೆಗಳನ್ನು ಒಂದೇ ಕಟ್ಟಡದಲ್ಲಿ ಜೋಡಿಸಿದರೆ ಊರಿಗೂ ಕಡಲಿಗೂ ನಡುವೆ ಗೋಡೆ ಎದ್ದಂತೆ. ಅದಕ್ಕೇ ನಡುವೆ ಸಂದು ಬಿಟ್ಟು 55 ಅಂತಸ್ತಿನ ಮೂರು ಗೋಪುರ. ತೋಟ, ಈಜುಕೊಳಕ್ಕೆ ಉಳಿದದ್ದು ತಾರಸಿ: ನೆಲದಿಂದ ಸುಮಾರು 200 ಮೀಟರ್ ಎತ್ತರದಲ್ಲಿ, 340 ಮೀಟರ್ ಉದ್ದದ ಸ್ಕೈಪಾರ್ಕ್. ಫೋಟೊದಲ್ಲಿ ಕಾಣುವ ದೋಣಿ ಅದೇ.

ಕಟ್ಟುವುದು ಸುಲಭವಿರಲಿಲ್ಲ. ಅದು ಕಡಲು ತುಂಬಿಸಿ ಮಾಡಿದ ನೆಲ, ಅಡಿಯಲ್ಲಿ ಮೆತ್ತನೆಯ ಜೇಡಿ. ಆಳಕ್ಕೆ ಅಗೆದರೆ ಬದಿ ಕುಸಿಯುತ್ತದೆ. ಅಡ್ಡಕ್ಕೆ ಉಕ್ಕಿನ ಆಸರೆ ಕೊಟ್ಟರೆ ಯಂತ್ರ ಓಡಾಡಲು ಜಾಗವಿಲ್ಲ. ಎಂಜಿನಿಯರುಗಳು ದುಂಡನೆಯ ಕಾಂಕ್ರೀಟ್ ಗೋಡೆ ಇಳಿಸಿ ಒಳಗಿನ ಮಣ್ಣು ತೆಗೆದರು. ನಮ್ಮ ಬಾವಿಗಳು ದುಂಡಗಿರುವುದೂ ಇದಕ್ಕೇ: ಸುತ್ತಲ ಮಣ್ಣು ಒತ್ತಿದಷ್ಟೂ ಬಳೆ ಬಿಗಿಯಾಗುತ್ತದೆ.

ಪ್ರತಿ ಗೋಪುರಕ್ಕೂ ಎರಡು ಕಾಲು, ಒಂದು ಕಾಲು ಓರೆ. ಒಂದನೇ ಗೋಪುರದಲ್ಲಿ ಓರೆ 26 ಡಿಗ್ರಿಯಷ್ಟು. ಅವು ಕೂಡುವುದು 23ನೇ ಅಂತಸ್ತಿನಲ್ಲಿ. ಅಲ್ಲಿಯವರೆಗೆ ಓರೆ ಕಾಲು ಬಾಗದಂತೆ ಗೋಡೆಯೊಳಗೆ ಬಿಗಿದ ಕೇಬಲ್ಲು, ನಡುವೆ ತಾತ್ಕಾಲಿಕ ಉಕ್ಕಿನ ಆಸರೆ. ಸ್ಕೈಪಾರ್ಕಿನ ಸುಮಾರು 7,000 ಟನ್ ಉಕ್ಕನ್ನು 14 ತುಂಡುಗಳಾಗಿ ನೆಲದಿಂದ ಜ್ಯಾಕ್ ಹಾಕಿ ಎತ್ತಿದರು.

ಮೂರು ಗೋಪುರ ಗಾಳಿಗೆ ಒಂದೇ ತಾಳದಲ್ಲಿ ತೂಗುವುದಿಲ್ಲ. ತಾರಸಿಯನ್ನು ಗಟ್ಟಿಯಾಗಿ ಬೆಸೆದರೆ ಬಿರುಕು ಖಂಡಿತ. ಅದಕ್ಕೇ ಅಡಿಯಲ್ಲಿ ಒಟ್ಟು ಅರ್ಧ ಮೀಟರಿನಷ್ಟು ಸರಿಯಬಲ್ಲ ಕೀಲುಗಳಿವೆ. ಒಂದೇ ಹಾಸಿನಂತೆ ಕಾಣುವ 150 ಮೀಟರಿನ ಕೊಳವೂ ನಿಜದಲ್ಲಿ ಮೂರು ತೊಟ್ಟಿ. ಅಂಚಿನಿಂದ ಚೆಲ್ಲಿದ ನೀರು ಕೆಳಗಿನ ಕಾಲುವೆಗೆ ಬಿದ್ದು ಪಂಪಿನಿಂದ ಮರಳುತ್ತದೆ. ಕಟ್ಟಡ ಒಂದು ಕಡೆ ತುಸು ಕೂತರೂ ನೀರು ಅಲ್ಲೇ ಹರಿದು, ಮಿಕ್ಕ ಅಂಚು ಒಣಗಿ, ಸೊಬಗೆಲ್ಲ ಹಾಳು. ಮಟ್ಟ ಸರಿಪಡಿಸಲೆಂದೇ ತೊಟ್ಟಿಯ ಕಾಲುಗಳಿಗೆ ಜ್ಯಾಕ್ ಇಟ್ಟಿದ್ದಾರೆ.

ಖರ್ಚು ಕೈಮೀರಿತು. 2007ರ ಆರಂಭದಲ್ಲಿ ಇಂಡೊನೇಷ್ಯಾ ಮರಳು ರಫ್ತು ನಿಲ್ಲಿಸಿ ಕಾಂಕ್ರೀಟ್ ದುಬಾರಿಯಾಯಿತು. 2008ರಲ್ಲಿ ಜಗತ್ತಿನ ಬ್ಯಾಂಕುಗಳು ನಡುಗಿದಾಗ ಕಂಪನಿಯೇ ಮುಳುಗುವ ಹಂತಕ್ಕೆ ಬಂದಿತ್ತು. ಮಾಲೀಕ ಶೆಲ್ಡನ್ ಅಡೆಲ್ಸನ್ ಕುಟುಂಬ ಮೊದಲು 47.5 ಕೋಟಿ ಅಮೆರಿಕನ್ ಡಾಲರ್ ಹಾಕಿತು, ಆಮೇಲೆ ಇನ್ನಷ್ಟು ಬಂಡವಾಳ ಎತ್ತಿದರು. ಚೀನಾದ ಜೂಜಿನ ನಗರಿ ಮಕಾವ್‌ನ ಕಾಮಗಾರಿ ನಿಲ್ಲಿಸಿದರೂ ಸಿಂಗಾಪುರದ್ದನ್ನು ನಿಲ್ಲಿಸಲಿಲ್ಲ. 2009ಕ್ಕೆ ತೆರೆಯಬೇಕಿದ್ದದ್ದು 2010ರ ಏಪ್ರಿಲ್ 27ಕ್ಕೆ ತೆರೆಯಿತು, ಅದೂ ಅರೆಬರೆ. ಸ್ಕೈಪಾರ್ಕ್ ಜೂನ್‌ನಲ್ಲಿ ಸೇರಿತು.

2019ರ ಏಪ್ರಿಲ್‌ನಲ್ಲಿ ಸರ್ಕಾರ ಇನ್ನೊಂದು ಗೋಪುರಕ್ಕೆ, 15,000 ಆಸನಗಳ ಸಭಾಂಗಣಕ್ಕೆ ಒಪ್ಪಿತು. ಜತೆಗೆ ಜೂಜಿನ ಜಾಗವನ್ನು 2,000 ಚದರ ಮೀಟರ್ ಹಿಗ್ಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದೇ ವಾರ ಸ್ಥಳೀಯರ ಪ್ರವೇಶ ಶುಲ್ಕ 100ರಿಂದ 150 ಡಾಲರಿಗೆ ಏರಿತು. ಹೊಸ ಗೋಪುರಕ್ಕೆ ಗುದ್ದಲಿ ಬಿದ್ದದ್ದು 2025ರ ಜುಲೈನಲ್ಲಿ. ಅದಕ್ಕೆ ಅದರದೇ ತಾರಸಿ. ಹಳೆಯ ದೋಣಿಗೆ ಜೋಡಿಸುವುದಿಲ್ಲ.