ಮಂಡಿ ಆಪರೇಷನ್: ಪಾರ್ಷಿಯಲ್ಲೋ, ಟೋಟಲ್ಲೋ?

ಮೊದಲು ಒಂದು ಮಾತು. ಮನೆಯಲ್ಲಿ 'ಚಿಪ್ಪು ಬದಲಾಯಿಸಿದ್ರು' ಅಂತಾರಲ್ಲ, ಅದನ್ನು ಪರೀಕ್ಷೆಯಲ್ಲಿ ಬರೆಯಬೇಡಿ. ಟೋಟಲ್‌ನಲ್ಲೂ (ಅಂದರೆ ಇಡೀ ಮಂಡಿಕೀಲಿಗೆ ಮಾಡುವ ಆಪರೇಷನ್‌ನಲ್ಲೂ) ಎಷ್ಟೋ ಸಲ ಚಿಪ್ಪು ಹಾಗೇ ಉಳಿಯುತ್ತದೆ. ಬದಲಾಗುವುದು ತೊಡೆಮೂಳೆಯ ಕೆಳತುದಿ ಮತ್ತು ಟಿಬಿಯಾದ (ಮಂಡಿಯ ಕೆಳಗಿನ ದೊಡ್ಡ ಮೂಳೆ) ಮೇಲ್ತುದಿಯ ಸವೆದ ಪದರ. ಅಲ್ಲಿ ಲೋಹ ಕೂರಿಸಿ ನಡುವೆ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ ಇಡುತ್ತಾರೆ.

ಮಂಡಿಗೆ ಮೂರು ಭಾಗ: ಒಳಬದಿ, ಹೊರಬದಿ, ಚಿಪ್ಪಿನ ಹಿಂದಿನದು. ಒಂದೇ ಭಾಗ ಸವೆದಿದ್ದರೆ ಅದನ್ನಷ್ಟೇ ಬದಲಾಯಿಸುವುದು ಪಾರ್ಷಿಯಲ್. ಹೆಚ್ಚಾಗಿ ಅದು ಒಳಬದಿಯೇ. ಟೋಟಲ್‌ನಲ್ಲಿ ಎಸಿಎಲ್ ಲಿಗಮೆಂಟನ್ನು (ಮಂಡಿಯ ನಡುವೆ ತೊಡೆಮೂಳೆಯನ್ನೂ ಟಿಬಿಯಾವನ್ನೂ ಹಿಡಿದಿಡುವ ಪಟ್ಟಿ) ಸಾಮಾನ್ಯವಾಗಿ ತೆಗೆದುಬಿಡುತ್ತಾರೆ, ಪಾರ್ಷಿಯಲ್‌ನಲ್ಲಿ ಅದು ಉಳಿಯುತ್ತದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆ) 'ಪಾರ್ಷಿಯಲ್ ಯಾರಿಗೆ?' ಅಂದಾಗ ನಾನು '60 ದಾಟಿರಬೇಕು, ತೂಕ 82 ಕೆಜಿಗಿಂತ ಕಡಿಮೆ ಇರಬೇಕು' ಅಂತ ಉರು ಹೊಡೆದದ್ದನ್ನು ಒಪ್ಪಿಸಿ ಬೈಸಿಕೊಂಡೆ. ಅದು ಕೋಜಿನ್ ಮತ್ತು ಸ್ಕಾಟ್ ಎಂಬ ಸರ್ಜನ್‌ಗಳ 1989ರ ಪಟ್ಟಿ. ಈಗ ಅದನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮೊದಲು ನೋಡಬೇಕಾದ್ದು ಎಸಿಎಲ್ ಗಟ್ಟಿಯಿದೆಯಾ ಅಂತ.

ಯಾಕೆ ಗೊತ್ತಾ? ಎಸಿಎಲ್ ಚೆನ್ನಾಗಿದ್ದರೆ ಸವೆತ ಒಳಬದಿಯ ಮುಂಭಾಗದಲ್ಲೇ ಇರುತ್ತದೆ, ಹಿಂದಿನ ಕಾರ್ಟಿಲೇಜ್ (ಮೂಳೆತುದಿಯ ನುಣುಪು ಪದರ) ಉಳಿದಿರುತ್ತದೆ. ಅದಕ್ಕೇ ರೋಗಿ ನಿಂತಾಗ ಕಾಲು ಬಿಲ್ಲಿನ ಹಾಗೆ ಬಾಗಿರುತ್ತದೆ, ಕುರ್ಚಿಯಲ್ಲಿ ಕೂತು ಮಂಡಿ ಮಡಿಸಿದರೆ ತೊಡೆಮೂಳೆ ಆ ಉಳಿದ ಕಾರ್ಟಿಲೇಜ್ ಮೇಲೆ ಬರುವುದರಿಂದ ಬಾಗು ಮಾಯ! ಮಡಿಸಿದಾಗಲೆಲ್ಲ ಒಳಬದಿಯ ಲಿಗಮೆಂಟ್ ತನ್ನ ಪೂರ್ತಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಗಿಡ್ಡ ಆಗುವುದಿಲ್ಲ. ಎಸಿಎಲ್ ಹೋದರೆ ಸವೆತ ಹಿಂದಕ್ಕೂ ಹರಡುತ್ತದೆ, ಲಿಗಮೆಂಟ್ ಮೊಟಕಾಗುತ್ತದೆ. ಆಗ ಟೋಟಲ್ ಕಡೆ ಹೋಗಬೇಕು. ರುಮಟಾಯ್ಡ್ ಸಂಧಿವಾತ ಇದ್ದರೂ ಟೋಟಲ್ಲೇ, ಅದು ಇಡೀ ಕೀಲನ್ನು ತಿನ್ನುವ ಕಾಯಿಲೆ ಅಲ್ವಾ.

'ಎಲ್ಲಿ ನೋವು?' ಅಂದರೆ ಕೆಲವರು ಒಳಬದಿಗೆ ಒಂದೇ ಬೆರಳಿಟ್ಟು 'ಇಲ್ಲೇ' ಅಂತಾರೆ, ಕೆಲವರು ಅಂಗೈಯಿಂದ ಇಡೀ ಮಂಡಿ ಸವರುತ್ತಾರೆ. ಒಂದೇ ಬೆರಳಾದರೆ ಸವೆತ ಒಂದೇ ಭಾಗದಲ್ಲಿರಬಹುದು ಅನ್ನೋದಕ್ಕೆ ಒಳ್ಳೆಯ ಸುಳಿವು, ಅಷ್ಟೇ. ನಿಂತು ತೆಗೆಸಿದ ಎಕ್ಸ್‌ರೇ ಬೇಕೇ ಬೇಕು. ಹೊರಬದಿಯ ಕಾರ್ಟಿಲೇಜ್ ಸರಿಯಿದೆಯಾ, ಬಾಗು ನೆಟ್ಟಗಾಗುತ್ತದಾ ಅನ್ನೋದು ಮಂಡಿಯ ಕೆಳಗಿನ ಕಾಲನ್ನು ಹೊರಕ್ಕೆ ಒತ್ತಿ ಹಿಡಿದು ತೆಗೆಯುವ ವಾಲ್ಗಸ್ ಸ್ಟ್ರೆಸ್ ಎಕ್ಸ್‌ರೇಯಲ್ಲಿ ತಿಳಿಯುತ್ತದೆ.

ಇನ್ನು ರಿವಿಜನ್, ಅಂದರೆ ಕೂರಿಸಿದ್ದನ್ನು ಮತ್ತೆ ಆಪರೇಷನ್ ಮಾಡಿ ಬದಲಾಯಿಸುವುದು. ಬ್ರಿಟನ್ನಿನ ರಿಜಿಸ್ಟ್ರಿ (ಕೀಲು ಬದಲಾವಣೆ ಆಪರೇಷನ್‌ಗಳ ದಾಖಲೆ) ನೋಡಿದರೆ ಪಾರ್ಷಿಯಲ್‌ಗೆ ರಿವಿಜನ್ ಜಾಸ್ತಿ. ಆದರೆ ಅಂಕಿ ನೋಡಿ ಹೆದರಬೇಡಿ: ಪಾರ್ಷಿಯಲ್ ಮಂಡಿ ನೋಯುತ್ತಿದ್ದರೆ ಟೋಟಲ್‌ಗೆ ಬದಲಾಯಿಸೋಣ ಅಂತ ಸರ್ಜನ್ ಬೇಗ ಒಪ್ಪುತ್ತಾರೆ, ಅಷ್ಟೇ ನೋವಿರುವ ಟೋಟಲ್ ಮಂಡಿಯನ್ನು ಮತ್ತೆ ತೆರೆಯಲು ಹಿಂಜರಿಯುತ್ತಾರೆ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಟಾಪ್‌ಕ್ಯಾಟ್ ಅಧ್ಯಯನದಲ್ಲಿ ಪಾರ್ಷಿಯಲ್ ಮತ್ತು ಟೋಟಲ್ ಎರಡನ್ನೂ ಹೋಲಿಸಿದರು, 528 ರೋಗಿಗಳಿದ್ದರು. 5 ವರ್ಷದ ನಂತರ ಎರಡೂ ಗುಂಪಿನ ಆಕ್ಸ್‌ಫರ್ಡ್ ನೀ ಸ್ಕೋರ್ (ಮಂಡಿಯ ನೋವು, ಓಡಾಟದ ಬಗ್ಗೆ ರೋಗಿಯೇ ಕೊಡುವ ಅಂಕ) ಹೆಚ್ಚುಕಡಿಮೆ ಒಂದೇ, ಖರ್ಚು ಮಾತ್ರ ಪಾರ್ಷಿಯಲ್‌ನಲ್ಲಿ ಕಡಿಮೆ. ಹಾಂ, ವರ್ಷಕ್ಕೆ ಬೆರಳೆಣಿಕೆಯಷ್ಟು ಪಾರ್ಷಿಯಲ್ ಮಾಡುವ ಸರ್ಜನ್‌ಗಳಲ್ಲಿ ರಿವಿಜನ್ ಇನ್ನೂ ಜಾಸ್ತಿ. ವೈವಾದಲ್ಲಿ ಇದನ್ನೂ ಕೇಳುತ್ತಾರೆ.