ಮಮ್ಮಿಯ ಎದೆಯಿಂದ ಗಾಜಿನ ಕಪಾಟಿಗೆ: ಈಜಿಪ್ಟಿನ ದೇವತಾ ತಾಯಿತಗಳ ಹಿನ್ನೆಲೆ

ಯುರೋಪು ಮತ್ತು ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯಗಳ ಈಜಿಪ್ಟ್ ವಿಭಾಗದಲ್ಲಿ ಬೆರಳುದ್ದಕ್ಕಿಂತ ಚಿಕ್ಕದಾದ ನೀಲಿ-ಹಸಿರು ಮೂರ್ತಿಗಳ ಸಾಲೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ಅವುಗಳಲ್ಲಿ ಅನೇಕವುಗಳ ಪಕ್ಕದ ಚೀಟಿಯಲ್ಲಿ ದೇವತೆಯ ಹೆಸರು, ಅಂದಾಜು ಕಾಲ ಮತ್ತು ತಯಾರಿಕೆಯ ವಸ್ತು ಇಷ್ಟು ಮಾತ್ರ ಬರೆದಿರುತ್ತದೆ. ಯಾವ ಊರಿನ ಯಾವ ಗೋರಿಯಲ್ಲಿ, ಯಾರ ಮೈಮೇಲೆ ಎಲ್ಲಿ ಇತ್ತು ಎಂಬುದು ಇರುವುದಿಲ್ಲ. ಈ ತಾಯಿತಗಳನ್ನು ಮಾರಬಹುದೇ, ಹಿಂದಿರುಗಿಸಬೇಕೇ, ಇಟ್ಟುಕೊಂಡವರ ಹಕ್ಕು ಎಲ್ಲಿಯವರೆಗೆ ಎಂಬ ಚರ್ಚೆ ಇಂದು ಕಾನೂನಿನ ಕಲಮುಗಳ ನಡುವೆ ಗೋಜಲಾಗಿದೆ. ಅದನ್ನು ಬಿಡಿಸಿಕೊಳ್ಳಲು ಇವು ಯಾವ ಕೆಲಸಕ್ಕೆಂದು ಹುಟ್ಟಿದವು ಎಂಬಲ್ಲಿಂದಲೇ ಶುರು ಮಾಡಬೇಕು.

ಪ್ರಾಚೀನ ಈಜಿಪ್ಟಿನವರು ತಾಯಿತಕ್ಕೆ ಇಟ್ಟಿದ್ದ ಹಲವು ಹೆಸರುಗಳು 'ಕಾಯು' ಎಂಬ ಅರ್ಥದ ಧಾತುಗಳಿಂದ ಬಂದವು. ಕ್ರಿಸ್ತಪೂರ್ವ ಐದನೆಯ ಸಹಸ್ರಮಾನದ ಬದಾರಿ ಸಂಸ್ಕೃತಿಯ ಗೋರಿಗಳಲ್ಲೇ ನೀರಾನೆ, ಜಿಂಕೆಗಳ ಆಕಾರದ ತಾಯಿತಗಳು ಸಿಕ್ಕಿವೆ. ಅಲ್ಲಿಂದ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಪ್ರಾಣಿಗಳು, ಅಂಗಾಂಗಗಳು ಮತ್ತು ಚಿಹ್ನೆಗಳ ಜೊತೆಗೆ ದೇವತೆಗಳ ರೂಪಗಳೂ ಒಂದೊಂದಾಗಿ ಸೇರುತ್ತ ಬಂದವು. ಗರ್ಭಿಣಿಯರನ್ನು ಕಾಯುವ ತವೆರೆತ್ ದೇವಿಗೆ ನೀರಾನೆಯ ಮೈ, ಸಿಂಹದ ಪಂಜ, ಮೊಸಳೆಯ ಬೆನ್ನು. ಅವಳ ಮುಂಗಾಲಿನ ಕೆಳಗೆ ಹಲವು ಸಲ 'ಸಾ' ಎಂಬ ಚಿತ್ರಾಕ್ಷರ ಇರುತ್ತದೆ, ಅದರ ಅರ್ಥವೇ ರಕ್ಷೆ. ನಾಲಿಗೆ ಚಾಚಿದ ಕುಳ್ಳ ಬೆಸ್, ಬಾಣಂತಿ ಮತ್ತು ಮಗುವಿನ ಕಾವಲುಗಾರ. ಇಂಥ ಮೂರ್ತಿಯ ಬೆನ್ನ ಹಿಂದೆ ಚಿಕ್ಕದೊಂದು ಕಂಬ, ಅದರಲ್ಲಿ ದಾರ ಪೋಣಿಸಲು ಅಡ್ಡಲಾಗಿ ತೂತು. ಕಪಾಟಿನಲ್ಲಿ ಮುಖವಷ್ಟೇ ಕಾಣುವಂತೆ ನಿಲ್ಲಿಸಿದಾಗ ಆ ತೂತು ಹಿಂದೆ ಉಳಿಯುತ್ತದೆ, ಅದು ಕೊರಳಿನ ವಸ್ತು ಎಂಬುದೂ ನೋಡುವವರಿಗೆ ಮರೆತುಹೋಗುತ್ತದೆ.

ಇವುಗಳಲ್ಲಿ ಹೆಚ್ಚಿನವು ಫಯಾನ್ಸ್‌ನವು. ಬೆಣಚುಕಲ್ಲಿನ ಪುಡಿಗೆ ಸ್ವಲ್ಪ ಸುಣ್ಣ, ಕ್ಷಾರ ಮತ್ತು ಬಣ್ಣಕ್ಕೆ ತಾಮ್ರದ ಅಂಶ ಸೇರಿಸಿ ಕಲಸಿ, ಮಣ್ಣಿನ ಅಚ್ಚಿನಲ್ಲಿ ಒತ್ತಿ ಸುಟ್ಟರೆ ಮೇಲ್ಮೈ ತಾನೇ ಗಾಜಿನಂತೆ ಮೆರುಗುಗೊಳ್ಳುತ್ತದೆ. ಕ್ರಿ.ಪೂ. 1000ರ ಆಸುಪಾಸಿನಿಂದ ದೇವತಾ ತಾಯಿತಗಳ ಬಗೆಗಳು ಬಹಳ ಹೆಚ್ಚಿದವು. ಹೋರಸ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡ ಐಸಿಸ್, ಕೈಯೆತ್ತಿ ಆಕಾಶ ಹೊತ್ತ ಶು, ಐಬಿಸ್ ಹಕ್ಕಿಯ ತಲೆಯ ಥಾತ್, ನರಿಮುಖದ ಅನುಬಿಸ್ ಎಲ್ಲರೂ ಮಮ್ಮಿಯ ಬಟ್ಟೆಯ ಪದರಗಳೊಳಗೆ ಬಂದರು. ಎಲ್ಲಿ ಇಡಬೇಕೆಂಬುದಕ್ಕೆ ಶಾಸ್ತ್ರವಿತ್ತು. 'ಮೃತರ ಪುಸ್ತಕ' ಎಂದು ಇಂದು ಕರೆಯಲಾಗುವ ಮಂತ್ರಸಂಗ್ರಹದ 155ನೆಯ ಅಧ್ಯಾಯ ಮೃತರ ಲೋಕದ ದೇವತೆ ಒಸಿರಿಸ್‌ನ ಬೆನ್ನೆಲುಬಿನ ಸಂಕೇತವಾದ ಚಿನ್ನದ ಜೆದ್ ಕಂಬವನ್ನೂ, 156ನೆಯದು ಕೆಂಪು ಜಾಸ್ಪರ್ ಕಲ್ಲಿನ ಐಸಿಸ್ ಗಂಟನ್ನೂ ಮೃತರ ಕೊರಳಿಗೆ ಇಡಬೇಕೆಂದು ಹೇಳುತ್ತದೆ. ವಸ್ತು, ಬಣ್ಣ, ಮಂತ್ರ ಮತ್ತು ಜಾಗ ನಾಲ್ಕೂ ಕೂಡಿದರೆ ಮಾತ್ರ ರಕ್ಷೆ ಪೂರ್ಣವಾಗುತ್ತಿತ್ತು ಎಂದೇ ಇದನ್ನು ಓದಬೇಕಾಗುತ್ತದೆ.

ಈ ನಾಲ್ಕರಲ್ಲಿ ಕೊನೆಯದು ಕಳೆದುಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮಮ್ಮಿಗಳನ್ನು ಊರೂರಿಗೆ ಸಾಗಿಸಿ, ಲಂಡನ್ನಿನಂಥ ನಗರಗಳಲ್ಲಿ ಸಭಿಕರ ಎದುರು ಬಟ್ಟೆ ಬಿಚ್ಚುವುದು ಆಗ ಪ್ರದರ್ಶನವಾಗಿತ್ತು. ಸಿಕ್ಕ ತಾಯಿತ ಕೈಯಿಂದ ಕೈಗೆ ಹೋಗುತ್ತಿತ್ತು. ಕೊಳ್ಳುವವರಿದ್ದರು, ಹಸಿದ ಹಳ್ಳಿಗಳಲ್ಲಿ ಅಗೆಯುವವರೂ ಇದ್ದರು. ಈಜಿಪ್ಟಿನ ಹವಾರದಲ್ಲಿ ನೀರು ತುಂಬಿದ ಗೋರಿಯೊಂದಕ್ಕಿಳಿದು 1889ರಲ್ಲಿ ಮಮ್ಮಿಯನ್ನು ಹೊರತೆಗೆದ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ, ಅದರ ಮೇಲಿದ್ದ ತಾಯಿತಗಳ ಸ್ಥಾನವನ್ನು ಗುರುತಿಸಿಟ್ಟರು. 1914ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ 275 ಬಗೆಗಳ ವರ್ಗೀಕರಣದ ಜೊತೆಗೆ ಮಮ್ಮಿಗಳ ಮೇಲೆ ಯಾವುದು ಎಲ್ಲಿತ್ತು ಎಂಬ ರೇಖಾಚಿತ್ರಗಳೂ ಇವೆ. ನನ್ನ ಮಟ್ಟಿಗೆ ಆ ಕಾಲದ ಬೆಲೆಬಾಳುವ ಉಳಿಕೆಯೆಂದರೆ ಆ ಚಿತ್ರಗಳೇ. 1925ರ ನವೆಂಬರಿನಲ್ಲಿ ಈಜಿಪ್ಟಿನ ರಾಜ ಟುಟಾಂಖಾಮುನ್‌ನ ಮಮ್ಮಿಯನ್ನು ಬಿಚ್ಚಿದಾಗ ದೊರೆತ 143 ವಸ್ತುಗಳೂ ಪದರದಿಂದ ಪದರಕ್ಕೆ ದಾಖಲಾದವು. ಆದರೆ ಅಂಥ ದಾಖಲೆ ಅಪರೂಪ. ಉತ್ಖನನದಲ್ಲಿ ಸಿಕ್ಕಿದ್ದನ್ನು ಈಜಿಪ್ಟ್ ಸರ್ಕಾರ ಮತ್ತು ಅಗೆದವರು ಹಂಚಿಕೊಳ್ಳುವ ಪದ್ಧತಿಯಿತ್ತು. ಅಗೆದವರ ಪಾಲು ಹಣ ಕೊಟ್ಟ ಸಂಸ್ಥೆಗಳಿಗೆ ಮತ್ತೆ ಹಂಚಿಹೋಗುತ್ತಿತ್ತು. ಒಂದೇ ಕೊರಳಲ್ಲಿದ್ದ ಐಸಿಸ್ ಒಂದು ಖಂಡಕ್ಕೂ ಅವಳ ಸೋದರಿ ನೆಫ್ತಿಸ್ ಇನ್ನೊಂದು ಖಂಡಕ್ಕೂ ಹೋಗಲು ಅಷ್ಟು ಸಾಕಿತ್ತು.

ಕಾನೂನುಗಳು ಬಂದವು, ತಡವಾಗಿ ಬಂದವು. 1835ರಲ್ಲೇ ರಫ್ತು ನಿಷೇಧದ ಆದೇಶವಿತ್ತು, ಪಾಲನೆ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪರವಾನಗಿ ಪಡೆದ ಅಂಗಡಿಗಳಿದ್ದವು, ಕೈರೋ ವಸ್ತುಸಂಗ್ರಹಾಲಯದಲ್ಲೇ 1979ರವರೆಗೆ ಮಾರಾಟದ ಕೋಣೆಯಿತ್ತು. 1970ರ ಯುನೆಸ್ಕೋ ಒಡಂಬಡಿಕೆ ಕಳ್ಳಸಾಗಣೆಗೆ ತಡೆ ಹಾಕಿತು, 1983ರ 117ನೆಯ ಕಾನೂನು ಈಜಿಪ್ಟಿನೊಳಗಿನ ವ್ಯಾಪಾರವನ್ನೇ ನಿಲ್ಲಿಸಿತು. ಆದ್ದರಿಂದಲೇ ಇಂದು ಹರಾಜಿಗೆ ಬರುವ ತಾಯಿತದ ಜೊತೆಗೆ ಅದು ಯಾವ ವರ್ಷ ದೇಶ ಬಿಟ್ಟಿತು ಎಂಬ ಕಾಗದ ಕೇಳುತ್ತಾರೆ. ಆ ಕಾಗದ ಒಡೆತನವನ್ನು ಇತ್ಯರ್ಥ ಮಾಡಬಹುದು. ತಾಯಿತ ಯಾರ ಎದೆಯ ಮೇಲಿತ್ತು ಎಂಬುದನ್ನು ತಿಳಿಸಲಾರದು.

ಇತ್ತೀಚೆಗೆ ಬೇರೊಂದು ದಾರಿ ತೆರೆದುಕೊಂಡಿದೆ. 1916ರಲ್ಲಿ ಎಡ್ಫು ಬಳಿ ಸಿಕ್ಕಿ, ಬಟ್ಟೆ ಬಿಚ್ಚದೆ ಕೈರೋ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಉಳಿದಿದ್ದ ಹದಿಹರೆಯದ ಹುಡುಗನ ಮಮ್ಮಿಯನ್ನು ಕೈರೋ ವಿಶ್ವವಿದ್ಯಾಲಯದ ಸಹರ್ ಸಲೀಮ್ ಅವರ ತಂಡ ಸಿಟಿ ಸ್ಕ್ಯಾನ್ ಮಾಡಿ, 2023ರ ಜನವರಿಯಲ್ಲಿ ವಿವರ ಪ್ರಕಟಿಸಿತು. ಸುಮಾರು 2,300 ವರ್ಷ ಹಿಂದಿನ ಆ ದೇಹದ ಮೇಲೆ ಮತ್ತು ಒಳಗೆ 21 ಬಗೆಯ 49 ತಾಯಿತಗಳು ಮೂರು ಸಾಲುಗಳಲ್ಲಿವೆ. ಬಾಯಲ್ಲಿ ಚಿನ್ನದ ನಾಲಿಗೆ, ಎದೆಗೂಡಿನಲ್ಲಿ ಚಿನ್ನದ ಸ್ಕಾರಬ್ ಜೀರುಂಡೆ, ಶಿಶ್ನದ ಪಕ್ಕದಲ್ಲಿ ಎರಡು ಬೆರಳಿನ ಆಕಾರದ ತಾಯಿತ. ಸ್ಕಾರಬ್‌ನ ಪಡಿಯಚ್ಚನ್ನು ತ್ರಿಆಯಾಮ ಮುದ್ರಣದಲ್ಲಿ ಮಾಡಿ ಕೈಯಲ್ಲಿ ಹಿಡಿದು ನೋಡಿದರು. ಮೂಲದ್ದು ಅವನನ್ನು ಹೂಳಿದವರು ಇಟ್ಟ ಕಡೆಯಲ್ಲೇ ಇದೆ.