ಹೂಮಳೆಯ ಹೊತ್ತಿಗೆ ಹಿಮ ಜರಿಯುತ್ತದೆ

ಮಾರ್ಚಿನಲ್ಲಿ ಹೂಮಳೆ ಬಿತ್ತು ಅಂದ್ರೆ ಕೊಡಗಿನಲ್ಲಿ ಎಲ್ಲರಿಗೂ ಖುಷಿ. ಎಂಟು ಹತ್ತು ದಿನದಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಸೇನೆಯಲ್ಲಿದ್ದು ಬಂದ ನನ್ನ ಮಾವನಿಗೆ ಮಾತ್ರ ಆ ಬಿಳುಪು ಕಂಡರೆ ಕಾಶ್ಮೀರದ ನೆನಪು. "ಜನವರಿಯಲ್ಲಿ ಚಳಿಗೆ ಹೆದರ್ತಿದ್ವಿ, ಏಪ್ರಿಲ್‌ನಲ್ಲಿ ಬಿಸಿಲಿಗೆ" ಅನ್ನುತ್ತಾರೆ.

ಬಿಸಿಲಿಗೆ ಹೆದರುವುದಾ? ನಮಗೆ ಬರೆ, ಅಂದ್ರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕುಸಿಯುವುದು ಗೊತ್ತಲ್ಲ, ಬಿಸಿಲಿಗೆ ಹಿಮ ಜರಿಯುವುದೂ ಅದೇ ಜಾತಿಯದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ನೀರು ಕುಡಿದು ಭಾರವಾದ ಮಣ್ಣು ಜರಿಯಿತು. ಹಿಮದಲ್ಲಿ ಆ ನೀರು ಮೇಲಿಂದ ಸುರಿಯಬೇಕಿಲ್ಲ, ಒಳಗೇ ಹುಟ್ಟುತ್ತದೆ. ಬಿಸಿಲೇರಿದಂತೆ ಮೇಲ್ಪದರ ಕರಗಿ ನೀರು ಕೆಳಗಿಳಿಯುತ್ತದೆ. ಹಳೆಯ ಗಟ್ಟಿ ಪದರವೊಂದು ಅಡ್ಡ ಸಿಕ್ಕರೆ ಅದರ ಮೇಲೆ ಹರಡಿಕೊಳ್ಳುತ್ತದೆ. ಕಾಳು ಕಾಳಿಗೆ ಇದ್ದ ಹಿಡಿತ ಹೋಗಿ ಹಿಮ ಒದ್ದೆ ಸಕ್ಕರೆಯ ಹಾಗಾಗುತ್ತದೆ. ಅದು 30ರಿಂದ 45 ಡಿಗ್ರಿ ಇಳಿಜಾರಾದರೆ ಕೆಲಸ ಕೆಟ್ಟಿತು.

ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಬಿಸಿ ಮೇಲಕ್ಕೆ ಹೋಗಿ, ಆ ನೀರೇ ಹೆಪ್ಪುಗಟ್ಟಿ ಕಾಳುಗಳನ್ನು ಮತ್ತೆ ಬೆಸೆಯುತ್ತದೆ. ಬೆಳಗಿನ ಜಾವ ಕಾಲಿಟ್ಟರೆ ಸಿಮೆಂಟಿನಷ್ಟು ಗಟ್ಟಿ. ಅದೇ ಜಾಗ ಮಧ್ಯಾಹ್ನಕ್ಕೆ ಸಾವಿನ ಬಾಯಿ. ಅದಕ್ಕೇ ಅಲ್ಲಿ ಕತ್ತಲಲ್ಲೇ ಹೊರಟು, ಬಿಸಿಲೇರುವ ಮೊದಲೇ ಕಡಿದಾದ ಜಾಗ ದಾಟಿಬಿಡುತ್ತಾರೆ. ರಾತ್ರಿ ಮೋಡ ಮುಚ್ಚಿತ್ತಾ, ಹಿಮದ ಮೇಲೆ ಮಳೆ ಬಿತ್ತಾ? ಅವತ್ತು ಹಿಮ ಸರಿಯಾಗಿ ಗಟ್ಟಿಯಾಗಿರುವುದಿಲ್ಲ. ಟೆಂಟಿನಲ್ಲೇ ಚಹಾ ಕುಡಿಯುತ್ತಾ ಕೂರುವುದು ವಾಸಿ.

ಇಲ್ಲಿಂದ ಟ್ರೆಕಿಂಗ್‌ಗೆ ಹೋಗುವ ಹುಡುಗರು ಆರಾಮಾಗಿ ಎಂಟು ಗಂಟೆಗೆ ತಿಂಡಿ ಮುಗಿಸಿ ಹೊರಟರೆ ನನಗೆ ಎದೆ ಝಲ್ಲೆನ್ನುತ್ತದೆ.

ಹಿಮ ಸುಳಿವನ್ನೂ ಕೊಡುತ್ತದೆ. ಮೊದಲು ಬಂಡೆಯ ಬುಡದಿಂದ ನಿಂಬೆಹಣ್ಣಿನಷ್ಟು ಉಂಡೆಗಳು ಉರುಳುತ್ತವೆ. ಉರುಳುತ್ತಾ ಹಿಮ ಸುತ್ತಿಕೊಂಡು ಚಕ್ಕುಲಿಯ ಹಾಗೆ ಸುರುಳಿಯಾಗುತ್ತವೆ. ನೋಡಲು ಚಂದ, ಫೋಟೋ ತೆಗೆಯುತ್ತಾ ನಿಲ್ಲಬಾರದು. ಬೂಟು ಪಾದ ಮುಳುಗುವಷ್ಟು ಹೂತರೂ ವಾಪಸ್ ತಿರುಗುವ ಹೊತ್ತು. ದಾಟಲೇಬೇಕಾದರೆ ಒಬ್ಬೊಬ್ಬರೇ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು.

ಪ್ರತಿಯೊಬ್ಬರ ಬಳಿಯೂ ಹಿಮದಡಿ ಹೂತವರ ಜಾಗ ತೋರಿಸುವ ರೇಡಿಯೋ ಸಾಧನ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದದ ಪ್ರೋಬ್ ಕಡ್ಡಿ, ಸಲಿಕೆ ಬೇಕು. ಹೂತವರು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಸಿಕ್ಕರೆ ಬಹುಪಾಲು ಬದುಕುತ್ತಾರೆ, ಅರ್ಧ ಗಂಟೆ ಮೀರಿದರೆ ಕಷ್ಟ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹೂತುಹೋಗಿದ್ದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೂ ಜೀವಂತವಾಗಿ ಸಿಕ್ಕಿದ್ದರು. ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥದ್ದು ಅಪರೂಪದಲ್ಲಿ ಅಪರೂಪ.

ಮಾವ ಈಗಲೂ ನಾಲ್ಕಕ್ಕೇ ಏಳುತ್ತಾರೆ. ಆಟಿ ತಿಂಗಳ ಜೋರು ಮಳೆಯಲ್ಲಿ ಟಾರ್ಚ್ ಹಿಡಿದು ಮನೆ ಹಿಂದಿನ ಬರೆಯ ಹತ್ತಿರ ಹೋಗಿ, ಒರತೆ ನೀರು ತಿಳಿಯಾಗಿದೆಯಾ, ಕೆಂಪಾಗಿದೆಯಾ ಅಂತ ನೋಡಿ ಬರುತ್ತಾರೆ. ಅತ್ತೆ ಕಾಫಿಗೆ ಇಡುವುದು ಅವರು ಒಳಗೆ ಬಂದ ಮೇಲೇ.